ಮುರಕಲ್ಲಿನ ರಂಗಮಂದಿರ: ಚೆಂಡೆಗೂ ಮಳೆಗೂ ಜಾಗ

ಪ್ರಶ್ನೆ: ಊರಿನ ಸಮಿತಿಯಿಂದ 300 ಆಸನಗಳ ರಂಗಮಂದಿರ ಕಟ್ಟಲಿದ್ದೇವೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಮಂಗಳೂರು ಹೆಂಚಿನ ಮಾಡು ಬೇಕೆಂದು ಎಲ್ಲರ ಆಸೆ. ಯಕ್ಷಗಾನ, ನಾಟಕ ಎರಡಕ್ಕೂ ಒಗ್ಗುತ್ತದೆಯೇ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಧಾರಾಳವಾಗಿ. ಆದರೆ ಮೊದಲು ಚೆಂಡೆಯ ಬಗ್ಗೆ ಯೋಚಿಸಿ. ಎದುರುಬದುರು ಗೋಡೆಗಳು ಸಮಾನಾಂತರವಾಗಿದ್ದರೆ ಪೆಟ್ಟು ಅತ್ತಿಂದಿತ್ತ ಪುಟಿದು ಭಾಗವತರ ಪದದ ಸಾಹಿತ್ಯವನ್ನೇ ನುಂಗುತ್ತದೆ. ಗೋಡೆಗಳನ್ನು 5–6 ಡಿಗ್ರಿ ಓರೆ ಮಾಡಿ, ಒಳಮೈಗೆ ಗಾರೆ ಬಳಿಯಬೇಡಿ. ಸಭಾಂಗಣ 1500 ಘನ ಮೀಟರ್ ಎಂದುಕೊಂಡರೆ, ಅನುರಣನ (ಸದ್ದು ನಿಂತ ಮೇಲೂ ಉಳಿಯುವ ಮೊಳಗು) ಒಂದು ಸೆಕೆಂಡಿಗೆ ಇಳಿಯಲು ಸುಮಾರು 240 ಚದರ ಮೀಟರಿನಷ್ಟು ಸದ್ದಿನ ಹೀರಿಕೆ ಬೇಕು. ತುಂಬಿದ ಸಭೆಯೇ ಅರ್ಧದಷ್ಟು ಹೀರುತ್ತದೆ. ಉಳಿದದ್ದಕ್ಕೆ ಹಿಂಗೋಡೆಗೂ ಪಕ್ಕದ ಗೋಡೆಗಳ ಮೇಲ್ಭಾಗಕ್ಕೂ ತೆಂಗಿನ ನಾರಿನ ಹಲಗೆ ಹಾಕಿ, ಹಿಂದೆ 50 ಮಿ.ಮೀ. ತೆರಪು ಬಿಡಿ. ಜಿಪ್ಸಮ್ ಬೇಡ, ಆಟಿಯ (ಆಷಾಢದ ಮಳೆಗಾಲದ) ತೇವಕ್ಕೆ ಬೂಷ್ಟು ಹಿಡಿಯುತ್ತದೆ.

ಮಾಡಿನ ಇಳಿಜಾರು 30 ಡಿಗ್ರಿಯಾದರೂ ಇರಲಿ. ಕಡಿಮೆಯಾದರೆ ಗಾಳಿಮಳೆ ಹೆಂಚಿನ ಸಂದಿಗೆ ನುಗ್ಗುತ್ತದೆ. ಹೆಂಚಿನ ಕೆಳಗೆ ಮರದ ಹಲಗೆ ಹೊದಿಸಿ. (ಬರೀ ತಗಡು ಹಾಕಿದರೆ ಮಳೆಯ ಸದ್ದಿಗೆ ಮಾತೇ ಕೇಳದು, ಮಳೆಗಾಲದ ತಾಳಮದ್ದಳೆಯ ಆಸೆ ಬಿಟ್ಟುಬಿಡಿ!) ಗಂಟೆಗೆ 100 ಮಿ.ಮೀ. ಸುರಿದರೆ 500 ಚದರ ಮೀಟರ್ ಮಾಡಿನಿಂದ 50,000 ಲೀಟರ್ ನೀರು ಇಳಿಯುತ್ತದೆ. ದಂಬೆ (ಮಾಡಿನಂಚಿನ ನೀರಿನ ದೋಣಿ) ಅದಕ್ಕೆ ತಕ್ಕಂತಿರಲಿ.

ರಂಗಸ್ಥಳಕ್ಕೆ ಬರೀ ಕಾಂಕ್ರೀಟ್ ಸಲ್ಲದು, ಮಂಡಿ ಹಾಕಿ (ಮೊಣಕಾಲೂರಿ ಸುತ್ತುತ್ತ) ಕುಣಿಯುವವರ ಮೊಣಗಂಟು ಕೆಡುತ್ತದೆ. ತೊಲೆಗಳ ಮೇಲೆ ಹಲಗೆ ಹಾಸಿ, ಅಡಿಯಲ್ಲಿ ಗಾಳಿಯಾಡಲು ಬಿಡಿ. ಚೌಕಿಯ (ವೇಷ ಕಟ್ಟುವ ಕೋಣೆಯ) ಬಾಗಿಲು 8 ಅಡಿ ಎತ್ತರ, 5 ಅಡಿ ಅಗಲ ಇರಲಿ. ಬಣ್ಣದ ವೇಷದ ಕಿರೀಟ ತಾಗುವುದು ಅಲ್ಲಿಯೇ.