ಉಪ್ಪಿನ ಹಳದಿ ಸೂರ್ಯನಲ್ಲಿ ಕಪ್ಪೇಕೆ?

ಓದುಗರ ಪತ್ರ: ರಟ್ಟಿನ ಡಬ್ಬಿ, ಸಿ.ಡಿ. ಚೂರು ಬಳಸಿ ರೋಹಿತದರ್ಶಕ (ಬೆಳಕನ್ನು ಬಣ್ಣಗಳ ಪಟ್ಟಿಯಾಗಿ, ಅಂದರೆ ರೋಹಿತವಾಗಿ, ಬಿಡಿಸುವ ಸಾಧನ) ಮಾಡಿದೆ. ಸೀಳು 1 ಮಿ.ಮೀ., ಅಲ್ಲಿಂದ ಸಿ.ಡಿ.ಗೆ 20 ಸೆಂ.ಮೀ. ಜ್ವಾಲೆಗೆ ಉಪ್ಪು ಉದುರಿಸಿದರೆ ಹಳದಿ ಗೆರೆ ಹೊಳೆಯುತ್ತದೆ. ಹಗಲ ಬೆಳಕಿಗೆ ಹಿಡಿದರೆ ಬರೀ ಕಾಮನಬಿಲ್ಲು, ಸೂರ್ಯನ ರೋಹಿತದಲ್ಲಿ ಇರುತ್ತವೆನ್ನುವ ಕಪ್ಪು ಗೆರೆ ಒಂದೂ ಇಲ್ಲ. ಅದಿರಲಿ, ಹಳದಿ ಬೆಳಕು ಕೊಡುವ, ಉಪ್ಪಿನಲ್ಲಿರುವ ಸೋಡಿಯಂ ಸೂರ್ಯನಲ್ಲೂ ಇದ್ದರೆ ಆ ಜಾಗ ಕಪ್ಪಾಗುವುದು ಹೇಗೆ?

ಸಂಪಾದಕರ ಉತ್ತರ: ಮೊದಲು ಡಬ್ಬಿಯನ್ನು ಸರಿಮಾಡೋಣ. ರೋಹಿತದ ಪ್ರತಿಯೊಂದು ಗೆರೆಯೂ ನಿಮ್ಮ ಸೀಳಿನದೇ ಪ್ರತಿಬಿಂಬ. ಸೀಳು ಅಗಲವಾದರೆ ಗೆರೆಯೂ ಅಗಲ. ಬಣ್ಣಗಳನ್ನು ಬಿಡಿಸುವ ಸಿ.ಡಿ.ಯ ಜಾಡುಗಳ ನಡುವೆ 1.6 ಮೈಕ್ರೊಮೀಟರ್ ಅಂತರವಿದೆ. ನೀವು ಕೊಟ್ಟ ಅಳತೆಗೆ ಲೆಕ್ಕ ಹಾಕಿದರೆ ಪ್ರತಿ ಬಣ್ಣವೂ ಸುಮಾರು 7 ನ್ಯಾನೊಮೀಟರ್‌ನಷ್ಟು ಹರಡಿಕೊಳ್ಳುತ್ತದೆ. ಸೋಡಿಯಂನ ಜೋಡಿ ಗೆರೆಗಳು ಇರುವುದು 589.0 ಮತ್ತು 589.6 ನ್ಯಾನೊಮೀಟರ್ ತರಂಗಾಂತರದಲ್ಲಿ. ಅಷ್ಟು ಸಣ್ಣ ಗೆರೆಗಳನ್ನು ಅಕ್ಕಪಕ್ಕದ ಬೆಳಕು ನುಂಗಿಹಾಕುತ್ತದೆ. ಜ್ವಾಲೆಯ ಗೆರೆಗೆ ಅಕ್ಕಪಕ್ಕ ಕತ್ತಲೆಯಿರುವುದರಿಂದ ದಪ್ಪಗಾದರೂ ಕಂಡೀತು.

ಎರಡು ಬ್ಲೇಡುಗಳ ಅಂಚನ್ನು ಎದುರುಬದುರು ಇಟ್ಟು, ನಡುವೆ ಬರೆಯುವ ಹಾಳೆಯೊಂದನ್ನು ನಿಲ್ಲಿಸಿ ಅಂಟುಪಟ್ಟಿ ಹಚ್ಚಿ. ಹಾಳೆ ಎಳೆದುಕೊಂಡರೆ 0.1 ಮಿ.ಮೀ. ಸೀಳು ಉಳಿಯುತ್ತದೆ, ಹರಡುವಿಕೆ 0.7ಕ್ಕೆ ಇಳಿಯುತ್ತದೆ. ಜೋಡಿ ಒಂದೇ ಗೆರೆಯಾಗಿ ಕಾಣುತ್ತದೆ, ಅಡ್ಡಿಯಿಲ್ಲ. ಸೀಳು ಸಿ.ಡಿ.ಯ ಜಾಡಿಗೆ ಸಮಾಂತರವಾಗಿರಲಿ. ಸ್ವಲ್ಪ ಓರೆಯಾದರೂ ಗೆರೆಗಳು ಮಸುಕು. ಡಬ್ಬಿಯ ಒಳಗೆ ಕಪ್ಪು ಬಳಿಯಿರಿ. ಸೂರ್ಯನತ್ತ ಮಾತ್ರ ಎಂದೂ ನೇರ ಹಿಡಿಯಬೇಡಿ, ಬಿಳಿ ಮೋಡವೋ ಬಿಸಿಲು ಬಿದ್ದ ಬಿಳಿ ಕಾಗದವೋ ಸಾಕು. ಎಲ್‌ಇಡಿ ದೀಪದಲ್ಲಿ ಈ ಗೆರೆಗಳನ್ನು ಹುಡುಕಿ ಫಲವಿಲ್ಲ.

ಇನ್ನು ಎರಡನೆಯ ಪ್ರಶ್ನೆ. ಪತ್ರದ ತಿರುಳು ಇದೇ. ಬೆಳಕು ಹೀರಿ ಎಲೆಕ್ಟ್ರಾನ್ ಹತ್ತುವ ಶಕ್ತಿಯ ಮೆಟ್ಟಿಲೂ ಬೆಳಕು ಸೂಸಿ ಇಳಿಯುವ ಮೆಟ್ಟಿಲೂ ಒಂದೇ ಆದ್ದರಿಂದ, ಪರಮಾಣು ಯಾವ ಬಣ್ಣ ಸೂಸುತ್ತದೋ ಅದನ್ನೇ ಹೀರುತ್ತದೆ. 1859ರಲ್ಲಿ ಜರ್ಮನ್ ಭೌತವಿಜ್ಞಾನಿ ಕಿರ್ಚಾಫ್ ಸೂರ್ಯನ ಗೆರೆಗಳನ್ನು ಓದಿದ್ದು ಈ ಹೊಂದಾಣಿಕೆಯಿಂದಲೇ. ಸೂರ್ಯನ ಮೇಲ್ಮೈ ಸುಮಾರು 5,800 ಕೆಲ್ವಿನ್. ಕೆಲವು ನೂರು ಕಿ.ಮೀ. ಮೇಲಿನ ಅನಿಲ ಅದಕ್ಕಿಂತ ತಣ್ಣಗಿದೆ. ಸೋಡಿಯಂ ಬಣ್ಣದಲ್ಲಿ ಕೆಳಗಿನ ಬೆಳಕನ್ನು ಈ ಅನಿಲ ತಡೆಯುತ್ತದೆ, ನಮಗೆ ತಲುಪುವುದು ಮೇಲಿನ ಪದರದ ಮಂದ ಬೆಳಕು. ಮಂದವೇ ಹೊರತು ಶೂನ್ಯವಲ್ಲ, ಪಕ್ಕದ ಪ್ರಖರತೆಯೆದುರು ಕಪ್ಪೆನಿಸುತ್ತದೆ, ಅಷ್ಟೆ. ಪೂರ್ಣ ಸೂರ್ಯಗ್ರಹಣದಲ್ಲಿ ಚಂದ್ರ ಸೂರ್ಯಬಿಂಬವನ್ನು ಮುಚ್ಚಿದ ಕ್ಷಣ ಇದೇ ಅನಿಲದ ಗೆರೆಗಳು ಝಗ್ಗನೆ ಹೊಳೆಯುತ್ತವೆ. ಅಮೆರಿಕದ ಖಗೋಳವಿಜ್ಞಾನಿ ಚಾರ್ಲ್ಸ್ ಯಂಗ್ 1870ರಲ್ಲಿ ಅದನ್ನು ಕಂಡರು.

ಗ್ರಹಣಕ್ಕೆ ಕಾಯಬೇಕಿಲ್ಲ. ಹೆಚ್ಚು ಒತ್ತಡದ ಹಳೆಯ ಸೋಡಿಯಂ ಬೀದಿದೀಪ ಸಿಕ್ಕರೆ ನೋಡಿ: ಅಗಲವಾದ ಹಳದಿ ಪಟ್ಟಿಯ ನಡುವೆ, ಸರಿಯಾಗಿ 589ರಲ್ಲಿ, ಕಪ್ಪು ಸೀಳು. ಕೊಳವೆಯ ನಡುವಿನ ಬಿಸಿ ಆವಿ ಸೂಸಿದ್ದನ್ನು ಗೋಡೆಯ ಬಳಿಯ ತಂಪು ಆವಿ ಹೀರುತ್ತಿರುತ್ತದೆ.

ಹಗಲ ಬೆಳಕಿನಲ್ಲಿ ಕೆಂಪಿನ 656.3ರ ಹೈಡ್ರೋಜನ್, ಹಸಿರಿನ 517ರ ಆಸುಪಾಸಿನ ಮೆಗ್ನೀಸಿಯಂ ಕೂಡ ಹುಡುಕಿ. ಕಡುಗೆಂಪಿನಲ್ಲಿ 687ರ ಪಟ್ಟಿ ಕಂಡರೆ ಸೂರ್ಯನ ಲೆಕ್ಕಕ್ಕೆ ಬರೆಯಬೇಡಿ. ಅದು ನಮ್ಮ ಗಾಳಿಯ ಆಮ್ಲಜನಕದ್ದು.