ಸ್ಟ್ಯಾಟಿಕ್ ಮೆಥಡ್: ಯಾವಾಗ ಸರಿ, ಯಾವಾಗ ತೊಡಕು?

ಪ್ರಶ್ನೆ: ಎರಡು ವರ್ಷಗಳಿಂದ ಜಾವಾದಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೇನೆ. ಕೆಲವು ಮೆಥಡ್‌ಗಳನ್ನು ಸ್ಟ್ಯಾಟಿಕ್ ಮಾಡಬಹುದೆಂದು ಎಡಿಟರ್ ಸೂಚಿಸುತ್ತದೆ; ಮಾಡಿದರೆ ತಂಡದ ಹಿರಿಯರು ಒಪ್ಪುವುದಿಲ್ಲ. ಯಾರ ಮಾತು ಕೇಳಬೇಕು?

ಉತ್ತರ: ಆಬ್ಜೆಕ್ಟ್ ಸೃಷ್ಟಿಸದೆ ಕ್ಲಾಸಿನ ಹೆಸರಿನಿಂದಲೇ ಕರೆಯಬಹುದಾದದ್ದು ಸ್ಟ್ಯಾಟಿಕ್ ಮೆಥಡ್. ಮೆಥಡ್‌ನ ಒಳಗೆ ಆಬ್ಜೆಕ್ಟ್‌ನ ಫೀಲ್ಡ್‌ಗಳಾಗಲಿ ಅದರ ಇತರ ಮೆಥಡ್‌ಗಳಾಗಲಿ ಬಳಕೆಯಾಗಿವೆಯೇ ಎಂಬುದನ್ನಷ್ಟೇ ಎಡಿಟರ್ ನೋಡುತ್ತದೆ. ಬಳಕೆಯಾಗಿಲ್ಲದಿದ್ದರೆ ಸ್ಟ್ಯಾಟಿಕ್ ಮಾಡಬಹುದು ಎನ್ನುವುದು ನಿಜ. ಆದರೆ ಮಾಡಬೇಕೇ ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೆ ಎಡಿಟರ್‌ನ ಬಳಿ ಉತ್ತರವಿಲ್ಲ.

ಕೊಟ್ಟ ಆರ್ಗ್ಯುಮೆಂಟ್‌ಗಳಿಂದಲೇ ಉತ್ತರ ಪೂರ್ತಿಯಾಗಿ ನಿರ್ಧಾರವಾಗುವುದಾದರೆ ಸ್ಟ್ಯಾಟಿಕ್ ಸಹಜವಾದ ಆಯ್ಕೆ. ಮ್ಯಾಥ್.ಮ್ಯಾಕ್ಸ್‌ಗೆ ಎರಡು ಸಂಖ್ಯೆ ಕೊಟ್ಟರೆ ದೊಡ್ಡದು ಸಿಗುತ್ತದೆ. ಅದಕ್ಕಾಗಿ ಮ್ಯಾಥ್ ಎಂಬ ಆಬ್ಜೆಕ್ಟ್ ಸೃಷ್ಟಿಸುವುದರಲ್ಲಿ ಅರ್ಥವಿಲ್ಲವೆಂದೇ ಆ ಕ್ಲಾಸಿನ ಕನ್‌ಸ್ಟ್ರಕ್ಟರ್ ಪ್ರೈವೇಟ್ ಆಗಿದೆ. ಲಿಸ್ಟ್.ಆಫ್‌ನಂತೆ ಹೊಸ ಆಬ್ಜೆಕ್ಟ್ ಕಟ್ಟಿಕೊಡುವ ಮೆಥಡ್‌ಗಳಿಗೂ ಇದು ಒಪ್ಪುತ್ತದೆ.

ತೊಡಕು ಶುರುವಾಗುವುದು ಮೆಥಡ್ ಗುಟ್ಟಾಗಿ ಹೊರಗಿನದನ್ನು ಓದಿದಾಗ. ಜನ್ಮದಿನಾಂಕ ಪಡೆದು ವಯಸ್ಸು ಹೇಳುವ ಒಂದು ಸ್ಟ್ಯಾಟಿಕ್ ಮೆಥಡ್ ತನ್ನೊಳಗೇ ಲೋಕಲ್‌ಡೇಟ್.ನೌ ಕರೆದು ಇಂದಿನ ದಿನಾಂಕ ತಂದುಕೊಳ್ಳುತ್ತದೆ ಎಂದುಕೊಳ್ಳಿ. ಅದಕ್ಕೆ ಬರೆದ ಟೆಸ್ಟ್ ಇಂದು ಪಾಸಾಗುತ್ತದೆ, ಮುಂದಿನ ಹುಟ್ಟುಹಬ್ಬದಂದು ಕೋಡಿನ ಒಂದಕ್ಷರವೂ ಬದಲಾಗದೆ ಫೇಲಾಗುತ್ತದೆ. 'ಇಂದು' ಎಂಬುದನ್ನೂ ಎರಡನೆಯ ಆರ್ಗ್ಯುಮೆಂಟಾಗಿ ಪಡೆದು, ಎರಡು ದಿನಾಂಕಗಳ ನಡುವಿನ ಅವಧಿ ಹೇಳುವ ಪೀರಿಯಡ್.ಬಿಟ್ವೀನ್‌ಗೆ ಒಪ್ಪಿಸಿದರೆ ಅದೇ ಮೆಥಡ್ ಸ್ಟ್ಯಾಟಿಕ್ ಆಗಿಯೇ ಉಳಿದು ಶುದ್ಧವಾಗುತ್ತದೆ, ಅಂದರೆ ಅದರ ಉತ್ತರ ಆರ್ಗ್ಯುಮೆಂಟ್‌ಗಳನ್ನಷ್ಟೇ ಅವಲಂಬಿಸುತ್ತದೆ. ಆಗ 2008ರ ಫೆಬ್ರವರಿ 29ರಂದು ಹುಟ್ಟಿದವರಿಗೆ 2026ರ ಫೆಬ್ರವರಿ 28ರಂದು 17 ವರ್ಷ, ಮಾರ್ಚ್ 1ರಂದು 18 ವರ್ಷ ಎಂದು ಬರುವುದನ್ನು ಯಾವ ದಿನ ಬೇಕಾದರೂ ಪರೀಕ್ಷಿಸಬಹುದು. ನಿಮ್ಮ ಸಂಸ್ಥೆಯ ನಿಯಮ ಆ ಉತ್ತರವನ್ನು ಒಪ್ಪುತ್ತದೆಯೇ ಎಂಬ ಚರ್ಚೆಯೂ ಆಗಲೇ ಏಳುತ್ತದೆ. ಡೇಟಾಬೇಸ್ ಓದುವ, ಸಂದೇಶ ಕಳುಹಿಸುವ ಮೆಥಡ್‌ಗಳಲ್ಲಿ ಇದೇ ತೊಂದರೆ ಇನ್ನೂ ಹೆಚ್ಚು. ಅವು ಕನ್‌ಸ್ಟ್ರಕ್ಟರ್ ಮೂಲಕ ತಮಗೆ ಬೇಕಾದುದನ್ನು ಪಡೆಯುವ ಆಬ್ಜೆಕ್ಟ್‌ಗಳ ಮೆಥಡ್‌ಗಳಾಗಿರುವುದೇ ಒಳ್ಳೆಯದು. ಟೆಸ್ಟ್‌ಗಾಗಿ ನಿಜವಾದುದರ ಬದಲು ನಕಲಿಯನ್ನು ಒದಗಿಸುವ ಮೊಕಿಟೊ ಲೈಬ್ರರಿ 2020ರಿಂದ ಸ್ಟ್ಯಾಟಿಕ್ ಮೆಥಡ್‌ಗಳಿಗೂ ನಕಲಿ ಮಾಡಿಕೊಡುತ್ತದೆಯಾದರೂ, ಅದನ್ನು ಹಳೆಯ ಕೋಡಿನ ಊರುಗೋಲಾಗಿಯಷ್ಟೇ ನಾನು ಬಳಸುತ್ತೇನೆ.

ನಾಳೆ ಬಗೆಬಗೆಯಾಗಬಹುದಾದ ನಿಯಮಕ್ಕೂ ಸ್ಟ್ಯಾಟಿಕ್ ಹೊಂದುವುದಿಲ್ಲ. ಇಂದು ಎಲ್ಲ ಗ್ರಾಹಕರಿಗೂ ಒಂದೇ ರಿಯಾಯಿತಿಯಿದ್ದು, ನಾಳೆ ಸಗಟು ಗ್ರಾಹಕರಿಗೆ ಬೇರೆ ಲೆಕ್ಕ ಬಂದರೆ ಸ್ಟ್ಯಾಟಿಕ್ ಮೆಥಡನ್ನು ಓವರ್‌ರೈಡ್ ಮಾಡಲಾಗದು, ಅಂದರೆ ಸಬ್‌ಕ್ಲಾಸಿನಲ್ಲಿ ಅದರ ವರ್ತನೆ ಬದಲಿಸಲಾಗದು. ಸಬ್‌ಕ್ಲಾಸಿನಲ್ಲಿ ಅದೇ ಹೆಸರಿನ ಸ್ಟ್ಯಾಟಿಕ್ ಮೆಥಡ್ ಬರೆದರೆ ಕಂಪೈಲರ್ ತಕರಾರಿಲ್ಲದೆ ಒಪ್ಪುತ್ತದೆ, ಆದರೆ ಓಡುವುದು ಆಬ್ಜೆಕ್ಟ್‌ನ ನಿಜವಾದ ಕ್ಲಾಸಿನದಲ್ಲ, ವೇರಿಯಬಲ್ಲಿಗೆ ಘೋಷಿಸಿದ ಟೈಪಿನದು.

ಹೀಗಾಗಿ ಪ್ರೈವೇಟ್ ಆದ ಸಣ್ಣ ಸಹಾಯಕ ಮೆಥಡ್‌ಗಳಲ್ಲಿ ಎಡಿಟರ್‌ನ ಸೂಚನೆಯನ್ನು ಒಪ್ಪಿಕೊಳ್ಳಿ. ಪಬ್ಲಿಕ್ ಮೆಥಡ್ ಆಗಿದ್ದರೆ, ಅದು ಓದುವ ಪ್ರತಿಯೊಂದೂ ಆರ್ಗ್ಯುಮೆಂಟ್ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಂಡು ಹಿರಿಯರ ಬಳಿಗೆ ಹೋಗಿ.