ಕ್ರಿಯೆ-ಪ್ರತಿಕ್ರಿಯೆ ಸಮ ಅಂದ ಮೇಲೆ ತೋಪು ಯಾಕೆ ಗುಂಡಿನಷ್ಟೇ ವೇಗವಾಗಿ ಹಿಂದಕ್ಕೆ ಹೋಗಲ್ಲ?

ಸಮ ಇರುವುದು ಬಲ, ವೇಗ ಅಲ್ಲ. ಕಲಬುರಗಿ ಕೋಟೆಯ ಬಾರಾ ಗಜಿ ತೋಪು ನೋಡಿದ್ದೀರಲ್ವಾ, ಸುಮಾರು 29 ಅಡಿ ಉದ್ದದ್ದು? ಅಂಥದ್ದನ್ನು ಹಾರಿಸಿದರೆ ಗುಂಡಿನ ಮೇಲೆ ಎಷ್ಟು ಬಲವೋ ತೋಪಿನ ಮೇಲೂ ಅಷ್ಟೇ, ಎದುರು ದಿಕ್ಕಿಗೆ. ಆದರೆ ದ್ರವ್ಯರಾಶಿ ಜಾಸ್ತಿ ಇದ್ದರೆ ಅದೇ ಬಲಕ್ಕೆ ವೇಗೋತ್ಕರ್ಷ, ಅಂದರೆ ವೇಗ ಏರುವ ದರ, ಕಡಿಮೆ.

ಸುಮ್ನೆ ಲೆಕ್ಕಕ್ಕೆ ತೋಪು 2000 ಕೆಜಿ, ಗುಂಡು 10 ಕೆಜಿ ಅಂದುಕೊಳ್ಳಿ. ಗುಂಡು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ ಅದರ ಸಂವೇಗ (ದ್ರವ್ಯರಾಶಿ × ವೇಗ) 10 × 200 = 2000. ಹಾರಿಸುವ ಮೊದಲು ಒಟ್ಟು ಸಂವೇಗ ಸೊನ್ನೆ, ಹಾರಿಸಿದ ಮೇಲೂ ಸೊನ್ನೆಯೇ ಇರಬೇಕು. ಹಾಗಾಗಿ ತೋಪಿಗೆ ಹಿಂದಕ್ಕೆ ಸಿಗುವ ವೇಗ ಸೆಕೆಂಡಿಗೆ 1 ಮೀಟರ್ ಮಾತ್ರ. ನೆಲದ ಘರ್ಷಣೆ ಅದನ್ನೂ ಬೇಗ ನಿಲ್ಲಿಸುತ್ತದೆ.

'ಎರಡೂ ಬಲ ಒಂದನ್ನೊಂದು ರದ್ದು ಮಾಡುತ್ತವೆ' ಅಂತ ಮಾತ್ರ ದಯವಿಟ್ಟು ಬರೆಯಬೇಡಿ. ಒಂದು ಗುಂಡಿನ ಮೇಲಿದೆ, ಇನ್ನೊಂದು ತೋಪಿನ ಮೇಲೆ; ರದ್ದಾಗಬೇಕಾದರೆ ಎರಡೂ ಒಂದೇ ವಸ್ತುವಿನ ಮೇಲಿರಬೇಕು.